ಪಂಪ್ ಟೈಮರ್ ರಾತ್ರಿ 10ರ ಬದಲು ಬೆಳಿಗ್ಗೆ 10ಕ್ಕೆ ಆನ್ ಆಗ್ತಿದೆ, 24 ಗಂಟೆ ಲೆಕ್ಕಕ್ಕೆ ಹಾಕಬೇಕಾ?

ತುಂಗಾತೀರ:
ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟ, 5 ಎಚ್‌ಪಿ ಮೋಟರ್. ತ್ರೀ ಫೇಸ್ (ಮೋಟರ್ ಓಡೋಕೆ ಬೇಕಾದ ಮೂರು ಲೈನಿನ ಕರೆಂಟ್) ಬರೋದು ರಾತ್ರಿ 10ರಿಂದ ಬೆಳಗಿನ ಜಾವ 4ರವರೆಗೆ. ಸೋಮ, ಬುಧ, ಶುಕ್ರ ಮಾತ್ರ ನೀರು ಬಿಡಬೇಕು. ಡಿಜಿಟಲ್ ಟೈಮರ್‌ಗೆ 10:00 ಆನ್, 4:00 ಆಫ್ ಕೊಟ್ಟಿದೆ. 24 ಗಂಟೆಗೆ ಬದಲಾಯಿಸಿದ್ರೆ ಸರಿಹೋಗುತ್ತಾ? ಇನ್ನೊಂದು, ಮನೇಲಿರೋ ಎರಡು ಫೋನಲ್ಲಿ ಒಂದು 22:00 ತೋರಿಸುತ್ತೆ, ಇನ್ನೊಂದು 10:00. ಯಾಕೆ?

ಮಲ್ನಾಡ್ ವೈರಿಂಗ್:
ಖಂಡಿತ 24ಕ್ಕೆ ಹಾಕಿ. ನೀವು ಕೊಟ್ಟ 10:00ರ ಪಕ್ಕ ಪಿಎಂ ಬಂದಿರಲ್ಲ, ಅಷ್ಟೇ. ಯಾವ ಬಟನ್ ಅನ್ನೋದು ಮಾಡೆಲ್ ಮೇಲೆ ಹೋಗುತ್ತೆ, ಡಬ್ಬಿಯೊಳಗಿನ ಚೀಟಿ ನೋಡಿ. ಪರದೆ ಮೇಲಿನ ಎಎಂ/ಪಿಎಂ ಮಾಯವಾದ್ರೆ ಬದಲಾಗಿದೆ ಅಂತ ಅರ್ಥ. ಮೊದಲು ಗಡಿಯಾರದ ಸಮಯ, ವಾರ ಸರಿಮಾಡಿ, ಆಮೇಲೆ ಪ್ರೋಗ್ರಾಂ.

ನಿಜವಾದ ಪೆಟ್ಟು ಬೀಳೋದು ವಾರದಲ್ಲಿ. ಆನ್ 22:00ಕ್ಕೆ ಸೋಮ-ಬುಧ-ಶುಕ್ರ ಗುಂಪು ಆರಿಸಿ, ಆದ್ರೆ ಆಫ್ 4:00ಕ್ಕೆ ಮಂಗಳ-ಗುರು-ಶನಿ ಗುಂಪೇ ಬೇಕು. ಎರಡಕ್ಕೂ ಒಂದೇ ಗುಂಪು ಕೊಟ್ರೆ ಸೋಮವಾರದ 4:00 ಆಫ್, ಆನ್ ಆಗೋಕೆ ಮುಂಚೆಯೇ ಕಳೆದುಹೋಗಿರುತ್ತೆ. ಸೋಮವಾರ 22:00ಕ್ಕೆ ಆನ್ ಆದದ್ದು ಬುಧವಾರ 4:00ರವರೆಗೆ, ಅಂದ್ರೆ 30 ಗಂಟೆ, ಆನ್ ಆಗೇ ಇರುತ್ತೆ. ಆ ಮಧ್ಯೆ ಸಿಂಗಲ್ ಫೇಸ್ ಬಂದಾಗ ಪ್ರಿವೆಂಟರ್ (ಫೇಸ್ ತಪ್ಪಿದ್ರೆ ಮೋಟರ್ ನಿಲ್ಲಿಸೋ ಸಾಧನ) ಇಲ್ಲದಿದ್ರೆ ಮೋಟರ್ ಗುಂಯ್ ಅಂತ ನಿಂತು ವೈಂಡಿಂಗ್ ಸುಡುತ್ತೆ.

ಮೋಟರ್ ಲೈನನ್ನ ಟೈಮರ್ ಮೂಲಕ ಎಳೀಬೇಡಿ. ಟೈಮರ್ ಮೈಮೇಲೆ ಬರೆದಿರೋ 16 ಆಂಪ್ಸ್ ಹೀಟರ್‌ನಂಥ ಲೋಡಿನ ಲೆಕ್ಕ. ಟೈಮರಿನ ಲೈನ್ ಕಾಂಟ್ಯಾಕ್ಟರ್ (ಮೋಟರ್ ಲೈನನ್ನ ಆನ್-ಆಫ್ ಮಾಡೋ ದೊಡ್ಡ ಸ್ವಿಚ್) ಕಾಯಿಲ್‌ಗೆ ಮಾತ್ರ ಹೋಗಲಿ, ಕಾಯಿಲ್ 230 ವೋಲ್ಟಿನದೋ 415ರದೋ ಓದಿಯೇ ಜೋಡಿಸಿ. ಕೊನೆಗೆ ಮ್ಯಾನ್ಯುವಲ್ ಬಟನ್ ಒತ್ತಿ ಆಟೋಗೆ ತರೋದನ್ನ ಮರೀಬೇಡಿ.

ಸಾಗರದ ಹುಡುಗಿ:
ಫೋನಿನದು ಭಾಷೆಯ ಸೆಟ್ಟಿಂಗ್. ಇಂಗ್ಲಿಷ್ (ಯುಕೆ) ಇಟ್ರೆ 24, ಇಂಗ್ಲಿಷ್ (ಇಂಡಿಯಾ) ಅಥವಾ ಕನ್ನಡ ಇಟ್ರೆ 12. ಒಂದೊಂದು ಪ್ರದೇಶದ ರೂಢಿ ಫೋನಿಗೆ ಮೊದಲೇ ತುಂಬಿರುತ್ತೆ: ಜರ್ಮನಿ, ಫ್ರಾನ್ಸ್‌ಗೆ 24, ಅಮೆರಿಕಕ್ಕೆ 12, ಕೆನಡಾ ಒಂದರಲ್ಲೇ ಇಂಗ್ಲಿಷಿಗೆ 12, ಫ್ರೆಂಚಿಗೆ 24. ದಿನಾಂಕ ಮತ್ತು ಸಮಯ ಸೆಟ್ಟಿಂಗ್‌ಗೆ ಹೋಗಿ ಕೈಯಾರೆ ಬದಲಾಯಿಸಿದ್ರೆ ಭಾಷೆ ಏನೇ ಇರಲಿ ಅದೇ ನಿಲ್ಲುತ್ತೆ.

ಗಾಜನೂರು_ನಾಲೆ:
ನಡುರಾತ್ರಿಗೆ ಟೈಮ್ ಕೊಡೋರಿಗೂ ಒಂದು ಮಾತು. 12 ಗಂಟೆ ಲೆಕ್ಕದಲ್ಲಿ ನಡುರಾತ್ರಿ 12:30 ಅಂದ್ರೆ ಎಎಂ, ನಡುಮಧ್ಯಾಹ್ನದ್ದು ಪಿಎಂ. ಬಹಳ ಜನ ತಿರುಗಾಮುರುಗಾ ಮಾಡ್ತಾರೆ. 24ರಲ್ಲಿ ಅದು ಬರೀ 0:30, ಆದ್ರೆ ವಾರ ಮರುದಿನದ್ದು. ನಮ್ಮ ಬಾಯಲ್ಲಿ ಇನ್ನೂ ಶುಕ್ರವಾರ ರಾತ್ರಿ, ಪಂಚಾಂಗದಲ್ಲೂ ಸೂರ್ಯೋದಯದವರೆಗೆ ಶುಕ್ರವಾರವೇ. ಟೈಮರ್‌ಗೂ ರೈಲ್ವೆ ಟಿಕೆಟ್ಟಿಗೂ ಆಗಲೇ ಶನಿವಾರ. 15ನೇ ತಾರೀಕಿನ 00:20ರ ಟಿಕೆಟ್ ಇದ್ರೆ 14ರ ರಾತ್ರಿ ಊಟ ಮುಗಿಸಿ ಹೊರಡಬೇಕು.

ಮಲ್ನಾಡ್ ವೈರಿಂಗ್:
ಇದಕ್ಕೇ ಸೇರಿಸ್ತೀನಿ: ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದಾಗ ಒಳಗಿನ ಬ್ಯಾಟರಿ ಸತ್ತರೆ ಗಡಿಯಾರ ಸೊನ್ನೆಗೆ ಬೀಳುತ್ತೆ, ವಾರವೂ ತಪ್ಪುತ್ತೆ. ನೀರು ಬಿಡೋ ಕಾಲ ಶುರುವಾಗೋ ಮುಂಚೆ ಒಂದು ದಿನ ಪೂರ್ತಿ ಪ್ಲಗ್‌ಗೆ ಹಾಕಿಟ್ಟು, ತೆಗೆದು, ಮರುದಿನ ಸಮಯ ಉಳಿದಿದೆಯಾ ನೋಡಿ. ಉಳಿದಿಲ್ಲ ಅಂದ್ರೆ ಬ್ಯಾಟರಿ ಬದಲಾಯಿಸದೆ ಪ್ರೋಗ್ರಾಂ ಹಾಕಿ ಪ್ರಯೋಜನವಿಲ್ಲ.