ರೋಮಾ 8:29ರ ‘ಪ್ರೊಒರಿಜೋ’: ‘ಮೊದಲೇ ನೇಮಿಸಿದನು’ ಅಂದರೆ ಹಣೆಬರಹವೇ?

ರೋಮಾ_ಓದುಗ

ರೋಮಾ 8:29–30ರಲ್ಲಿ ಕನ್ನಡ ಸತ್ಯವೇದ ‘ಮೊದಲೇ ನೇಮಿಸಿದನು’ ಎನ್ನುತ್ತದೆ. ಮೂಲದಲ್ಲಿರುವುದು ಪ್ರೊಒರಿಜೋ ಎಂಬ ಗ್ರೀಕ್ ಕ್ರಿಯಾಪದ. ನಾವು ಹಣೆಬರಹ, ವಿಧಿಲಿಖಿತ ಅನ್ನುತ್ತೇವಲ್ಲ, ಇದೂ ಅದೇನಾ? ‘ಹೊರೈಜನ್’ ಅನ್ನೋ ಪದ ಇದರೊಳಗಿದೆ, ಹಾಗಾಗಿ ‘ದಿಗಂತದ ಆಚೆಯಿಂದಲೇ ದೇವರು ನಮ್ಮನ್ನು ಕಂಡ’ ಎಂದು ಅರ್ಥ ಅಂತ ಪ್ರಸಂಗಗಳಲ್ಲಿ ಕೇಳಿಬರುತ್ತದೆ. ಅದು ಸರಿಯೇ? ಇನ್ನೊಂದು ತೊಡಕು: ಗ್ರೀಕ್ ಪಠ್ಯದಲ್ಲಿ ಪದದ ಮೊದಲ ಅಕ್ಷರಗಳನ್ನು ಕೊಟ್ಟು ಹುಡುಕಿದರೆ ಎಫೆಸ 1:5 ಮತ್ತು 1:11 ಮಾತ್ರ ಸಿಗುತ್ತವೆ. ರೋಮಾ ಪತ್ರಿಕೆಯ ವಚನಗಳೇ ಬರುತ್ತಿಲ್ಲ.

ಬಾಂದುಕಲ್ಲು

ಹುಡುಕಾಟದ ತೊಡಕನ್ನು ಮೊದಲು ಬಿಡಿಸೋಣ. ಗ್ರೀಕ್‌ನಲ್ಲಿ ಕ್ರಿಯಾಪದ ಭೂತಕಾಲಕ್ಕೆ ಹೋದಾಗ ಧಾತುವಿನ ಮೊದಲ ಸ್ವರ ದೀರ್ಘವಾಗುತ್ತದೆ, ಒಮಿಕ್ರಾನ್ (ಹ್ರಸ್ವ ಒ) ಹೋಗಿ ಒಮೆಗಾ (ದೀರ್ಘ ಓ) ಬರುತ್ತದೆ. ಉಪಸರ್ಗ ಇದ್ದರೆ ಈ ಬದಲಾವಣೆ ಆಗುವುದು ಉಪಸರ್ಗದ ನಂತರ. ಸಂಸ್ಕೃತದ ‘ಪ್ರತ್ಯಗಚ್ಛತ್’ನಲ್ಲಿ ‘ಪ್ರತಿ’ಗೂ ‘ಗಚ್ಛತ್’ಗೂ ನಡುವೆ ‘ಅ’ ಬಂದು ಕೂರುತ್ತದಲ್ಲ, ಅದೇ ಜಾಗ. ಹಾಗಾಗಿ ಪ್ರೊಒರಿಜೋ ಎಂಬುದು ‘ಪ್ರೊಓರಿಸೆನ್’ ಆಗುತ್ತದೆ. ನೀವು ಒಮಿಕ್ರಾನ್ ಹಾಕಿ ಹುಡುಕಿದಿರಿ, ಪಠ್ಯದಲ್ಲಿ ಇರುವುದು ಒಮೆಗಾ. ಎಫೆಸದ ಎರಡೂ ರೂಪಗಳು ಕೃದಂತಗಳು, ಕನ್ನಡದ ‘ಮಾಡಿ’, ‘ಮಾಡಿದ’ ಎಂಬಂಥವು. ಕೃದಂತಕ್ಕೆ ಈ ದೀರ್ಘ ಬರುವುದಿಲ್ಲ, ಅದಕ್ಕೇ ಅವೆರಡು ಮಾತ್ರ ಸಿಕ್ಕವು. ಅಕ್ಷರ ಬಿಟ್ಟು ಸ್ಟ್ರಾಂಗ್ಸ್ ಸಂಖ್ಯೆ (ಬೈಬಲಿನ ಒಂದೊಂದು ಮೂಲಪದಕ್ಕೂ ಕೊಟ್ಟ ಕ್ರಮಸಂಖ್ಯೆ) 4309 ಹಾಕಿ ಹುಡುಕಿ. ಒಟ್ಟು ಆರು ಸಿಗುತ್ತವೆ: ಅಪೊಸ್ತಲರ ಕೃತ್ಯಗಳು 4:28, ರೋಮಾ 8:29 ಮತ್ತು 8:30, 1 ಕೊರಿಂಥ 2:7, ಎಫೆಸ 1:5 ಮತ್ತು 1:11.

ಪಕ್ಕದ 4308ಕ್ಕೆ ಕೈ ಜಾರದಂತೆ ನೋಡಿಕೊಳ್ಳಿ. ಅದು ಪ್ರೊಒರಾಓ, ‘ಮುಂದೆ ಕಾಣು’ ಎಂಬ ಬೇರೆಯೇ ಧಾತು (ಅ.ಕೃ. 2:25). ‘ದೇವರು ಮುಂಚೆಯೇ ಕಂಡ’ ಎಂಬ ವ್ಯಾಖ್ಯಾನದ ಹಿಂದೆ ಎಷ್ಟೋ ಸಲ ಇವೆರಡನ್ನು ಬೆರೆಸಿದ ತಪ್ಪೇ ಇರುತ್ತದೆ.

ಇನ್ನು ಅರ್ಥ. ಹೊರೊಸ್ ಅಂದರೆ ಎಲ್ಲೆ, ಗಡಿ, ಗಡಿಗೆ ನೆಟ್ಟ ಕಲ್ಲು. ಅಥೆನ್ಸಿನ ಅಗೊರಾದಲ್ಲಿ, ಎಂದರೆ ಊರಿನ ಸಂತೆ-ಸಭೆಯ ಬಯಲಿನಲ್ಲಿ, ಕ್ರಿ.ಪೂ. 500ರ ಸುಮಾರಿನ ಅಂಥ ಕಲ್ಲುಗಳು ಸಿಕ್ಕಿವೆ. ಅವುಗಳ ಮೇಲೆ ‘ನಾನು ಅಗೊರಾದ ಎಲ್ಲೆ’ ಎಂದು ಕಲ್ಲೇ ಮಾತಾಡುವಂತೆ ಕೊರೆದಿದೆ. ನಮ್ಮ ಹೊಲದ ಬದುವಿನ ಬಾಂದುಕಲ್ಲು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹೊರಿಜೋ ಅಂದರೆ ಹಾಗೆ ಎಲ್ಲೆ ಹಾಕು, ಗುರುತಿಸಿ ನಿಲ್ಲಿಸು. ಹಳೆ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಅರಣ್ಯಕಾಂಡ 34:6ರ ‘ಮಹಾಸಮುದ್ರವೇ ಗಡಿ’ ಎಂಬಲ್ಲಿ ಇರುವುದು ಈ ಕ್ರಿಯಾಪದವೇ. ‘ಪ್ರೊ’ ಸೇರಿದರೆ ‘ಮುಂಚಿತವಾಗಿ’.

ದಿಗಂತದ ಮಾತು ತಲೆಕೆಳಗಾಗಿದೆ. ‘ಹೊರಿಜೋನ್ ಕುಕ್ಲೊಸ್’, ಎಂದರೆ ಎಲ್ಲೆ ಹಾಕುವ ವೃತ್ತ, ಎಂಬ ಪದಪುಂಜದಿಂದ ‘ಹೊರೈಜನ್’ ಬಂತು. ಎರಡೂ ಒಂದೇ ಬೇರಿನ ಕೊಂಬೆಗಳು, ಅಷ್ಟೇ. ಒಂದು ಕೊಂಬೆಯ ಅರ್ಥವನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಪತ್ರಿಕೆ ಬರೆದ ಪೌಲ ಹೇಳದ್ದನ್ನು ಅವನ ಬಾಯಲ್ಲಿ ಹೇಳಿಸಿದಂತೆ.

ವಾಕ್ಯಶೋಧ

ಹಣೆಬರಹದ ಪ್ರಶ್ನೆಗೆ ನನ್ನ ಉತ್ತರ: ಅಲ್ಲ. ವಿಧಿಗೆ ಗ್ರೀಕರ ಹತ್ತಿರ ಪದಗಳಿಗೆ ಬರವಿರಲಿಲ್ಲ. ಮೊಯ್ರಾ ಇತ್ತು, ಸ್ತೋಯಿಕ ಪಂಥದ ತತ್ವಜ್ಞಾನಿಗಳು ಬಳಸುತ್ತಿದ್ದ ಹೈಮಾರ್ಮೆನೆ ಇತ್ತು. ಹೊಸ ಒಡಂಬಡಿಕೆಯಲ್ಲಿ ಇವೆರಡೂ ಒಮ್ಮೆಯೂ ಬರುವುದಿಲ್ಲ.

ಆರು ವಚನಗಳನ್ನೂ ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ: ಯಾವುದಕ್ಕಾಗಿ? ರೋಮಾ 8:29ರಲ್ಲಿ ‘ಮಗನ ಸಾರೂಪ್ಯಕ್ಕೆ’. ಎಫೆಸ 1:5ರಲ್ಲಿ ‘ಪುತ್ರಸ್ವೀಕಾರಕ್ಕೆ’. ಎಫೆಸ 1:11ರ ಗುರಿ 12ನೆಯ ವಚನದಲ್ಲಿದೆ, ಆತನ ಮಹಿಮೆಯ ಸ್ತುತಿಗೆ. 1 ಕೊರಿಂಥ 2:7ರಲ್ಲಿ ಗೊತ್ತುಮಾಡಿದ್ದು ಮನುಷ್ಯರನ್ನೇ ಅಲ್ಲ, ದೇವರ ಜ್ಞಾನವನ್ನು, ‘ನಮ್ಮ ಮಹಿಮೆಗಾಗಿ’. ಅ.ಕೃ. 4:28ರಲ್ಲಿ ಹೆರೋದ, ಪೊಂತ್ಯ ಪಿಲಾತ ಮತ್ತಿತರರು ಸೇರಿ ಯೇಸುವಿಗೆ ಮಾಡಿದ ಘಟನೆ. ರೋಮಾ 8:30 ಮಾತ್ರ ಗುರಿಯನ್ನು ಮತ್ತೆ ಹೇಳುವುದಿಲ್ಲ, ಹಿಂದಿನ ವಚನದ ಮೇಲೆ ಒರಗಿ ನಿಂತಿದೆ. ಈ ಕ್ರಿಯಾಪದಕ್ಕೆ ನಾಶವನ್ನು ಗುರಿಯಾಗಿ ಜೋಡಿಸಿದ ವಾಕ್ಯ ಆರರಲ್ಲಿ ಒಂದೂ ಇಲ್ಲ. ಇಬ್ಬಗೆಯ ಪೂರ್ವನಿರ್ಣಯ, ಎಂದರೆ ಕೆಲವರು ಜೀವಕ್ಕೆ ಕೆಲವರು ದಂಡನೆಗೆ ಎಂಬ, 16ನೆಯ ಶತಮಾನದ ಸುಧಾರಕ ಕಾಲ್ವಿನನ ಬೋಧನೆಯನ್ನು ಒಪ್ಪುವವರು ರೋಮಾ 9ರಿಂದ ವಾದ ಕಟ್ಟಬೇಕು. ಈ ಪದವೊಂದರಿಂದ ಅದು ಹುಟ್ಟುವುದಿಲ್ಲ.

‘ಮೊದಲೇ’ ಅಂದರೆ ಯಾವುದಕ್ಕಿಂತ ಮೊದಲು? ಈ ಕ್ರಿಯಾಪದದ ಜೊತೆಗೇ ಕಾಲ ಹೇಳಿರುವುದು 1 ಕೊರಿಂಥದಲ್ಲಿ ಮಾತ್ರ: ‘ಯುಗಗಳಿಗಿಂತ ಮೊದಲು’. ಎಫೆಸ 1:4ರ ‘ಜಗದುತ್ಪತ್ತಿಗೆ ಮುಂಚೆ’ ಎಂಬುದು ‘ಆರಿಸಿಕೊಂಡನು’ ಎಂಬ ಇನ್ನೊಂದು ಕ್ರಿಯಾಪದಕ್ಕೆ ಸೇರಿದ್ದು.

ತಾಳೆಗರಿ

ಮೇಲಿನ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಪದವನ್ನು ತೀರಾ ಮೆತ್ತಗೆ ಮಾಡಬಾರದು. ಆರೂ ಕಡೆ ಕರ್ತೃ ದೇವರೇ. ಎಫೆಸ 1:11ರ ಕರ್ಮಣಿ ರೂಪದ ಹಿಂದೆಯೂ ಆತನೇ. ಅ.ಕೃ. 4:28ರಲ್ಲಿ ‘ನಿನ್ನ ಕೈಯೂ ನಿನ್ನ ಸಂಕಲ್ಪವೂ’ ಎಂದು ಎರಡು ಕರ್ತೃಪದಗಳಿವೆ, ಕ್ರಿಯಾಪದ ಮಾತ್ರ ಏಕವಚನ. ಕೈ ಬೇರೆ, ಸಂಕಲ್ಪ ಬೇರೆ ಅಲ್ಲ ಎಂಬಂತೆ. ಬರೀ ‘ಯೋಜನೆ ಹಾಕಿದ’ ಎಂದರೆ ಅಲ್ಲಿನ ತೂಕ ಹೋಗಿಬಿಡುತ್ತದೆ.

ನಿಜವಾದ ಜಗಳ ಇರುವುದು ರೋಮಾ 8:29ರ ಇದಕ್ಕಿಂತ ಹಿಂದಿನ ಪದದಲ್ಲಿ: ಪ್ರೊಗಿನೋಸ್ಕೋ, ‘ಮೊದಲೇ ಅರಿ’. ಯಾರು ನಂಬುತ್ತಾರೆಂದು ಮುಂಚೆ ತಿಳಿದು ಅಂಥವರನ್ನು ಗೊತ್ತುಮಾಡಿದ ಎಂದು ಅರ್ಮಿನಿಯನ್ ಕಡೆಯವರು (ಡಚ್ ದೇವಶಾಸ್ತ್ರಜ್ಞ ಅರ್ಮಿನಿಯಸನ ಹಾದಿಯವರು) ಓದುತ್ತಾರೆ. ಕಾಲ್ವಿನನ ಕಡೆಯವರು ‘ಅರಿ’ ಎಂಬುದನ್ನು ಹೀಬ್ರೂವಿನ ‘ಯಾದಾ’ದಂತೆ, ತನ್ನವರೆಂದು ಪ್ರೀತಿಯಿಂದ ಹಚ್ಚಿಕೊಳ್ಳುವುದು ಎಂದು ಓದುತ್ತಾರೆ. ರೋಮಾ 11:2ರಲ್ಲಿ ಅರಿತದ್ದು ಇಸ್ರಾಯೇಲ್ ಜನವನ್ನು, ಅವರ ನಂಬಿಕೆಯನ್ನಲ್ಲ. ಹಾಗಾಗಿ ನನಗೆ ಎರಡನೆಯ ಓದೇ ಗಟ್ಟಿ ಎನಿಸುತ್ತದೆ. ಅರ್ಮಿನಿಯನ್ ಬೋಧನೆಯನ್ನು ತಳ್ಳಿಹಾಕಿದ 1618–19ರ ಡೋರ್ಟ್ ಸಭೆಯಿಂದ ಇಂದಿನವರೆಗೂ ವಾದ ನಡೆದೇ ಇದೆ. ಪ್ರೊಒರಿಜೋ ಅದನ್ನು ಬಗೆಹರಿಸದು.

ಕನ್ನಡಕ್ಕೆ ಬಂದರೆ, ‘ನೇಮಿಸು’ ತಪ್ಪಲ್ಲ. ಆದರೆ ಇಂದು ಅದನ್ನು ಕೇಳಿದವರಿಗೆ ಹುದ್ದೆ, ನೇಮಕಾತಿ ಆದೇಶ ನೆನಪಾಗುತ್ತದೆ. ‘ಗೊತ್ತುಮಾಡು’ ಹೆಚ್ಚು ಹತ್ತಿರ. ಮದುವೆಗೆ ದಿನ ಗೊತ್ತುಮಾಡುತ್ತೇವೆ. ಇಬ್ರಿಯ 4:7ರಲ್ಲೂ ‘ಒಂದು ದಿನವನ್ನು’ ಗೊತ್ತುಮಾಡುವುದಕ್ಕೆ ಬಂದಿರುವುದು ಹೊರಿಜೋ. ಒಂದೇ ಅಪಾಯ, ‘ಗೊತ್ತು’ ಎಂದ ಕೂಡಲೇ ಕಿವಿಗೆ ‘ತಿಳಿದಿತ್ತು’ ಎಂದೂ ಬೀಳುತ್ತದೆ. ರೋಮಾ 8:29ರಲ್ಲಿ ಎರಡು ಪದಗಳೂ ಅಕ್ಕಪಕ್ಕ ಇರುವುದರಿಂದ ‘ಯಾರನ್ನು ಮೊದಲೇ ಅರಿತುಕೊಂಡನೋ ಅವರನ್ನು ಮೊದಲೇ ಗೊತ್ತುಮಾಡಿದನು’ ಎಂದು ಮೊದಲನೆಯದಕ್ಕೆ ‘ಅರಿ’ಯನ್ನೇ ಇಡಿ. ಎರಡು ಕಡೆಯೂ ‘ಗೊತ್ತು’ ಬಳಸಿದರೆ ವಾಕ್ಯ ಕುಸಿಯುತ್ತದೆ.

ರೋಮಾ_ಓದುಗ

ಸಂಖ್ಯೆ ಹಾಕಿ ಹುಡುಕಿದೆ, ಆರೂ ಬಂದವು. ಧನ್ಯವಾದ. ಅ.ಕೃ. 13:48ರ ‘ನಿತ್ಯಜೀವಕ್ಕೆ ನೇಮಿಸಲ್ಪಟ್ಟವರು ನಂಬಿದರು’ ಎಂಬುದನ್ನೂ ಈ ಪಟ್ಟಿಗೆ ಸೇರಿಸಬಹುದೇ?

ವಾಕ್ಯಶೋಧ

ಬೇಡ. ಅಲ್ಲಿರುವುದು ತಾಸ್ಸೋ, ಸಾಲಿನಲ್ಲಿ ನಿಲ್ಲಿಸು, ದಂಡನ್ನು ವ್ಯೂಹಕ್ಕೆ ಹಚ್ಚು ಎನ್ನುವಾಗಿನ ಪದ. ‘ಪ್ರೊ’ ಇಲ್ಲ, ಆದ್ದರಿಂದ ‘ಮೊದಲೇ’ ಎಂಬುದು ಪದದೊಳಗಿಲ್ಲ. ನಂಬುವುದಕ್ಕಿಂತ ಮುಂಚಿನ ಸ್ಥಿತಿ ಎಂಬುದನ್ನು ಭೂತಕಾಲದ ‘ಇದ್ದರು’ ಜೊತೆ ಸೇರಿದ ಪೂರ್ಣಕೃದಂತ ಹೇಳುತ್ತದೆ. ಆ ಕೃದಂತದ ರೂಪ ಕರ್ಮಣಿಗೂ ಆತ್ಮನೇಪದಕ್ಕೂ (ತಾನೇ ತನಗೆ ಮಾಡಿಕೊಳ್ಳುವುದನ್ನು ಹೇಳುವ ರೂಪ) ಒಂದೇ. ಅದಕ್ಕೇ ‘ನೇಮಕವಾಗಿದ್ದವರು’ ಎಂದು ಹೆಚ್ಚಿನವರು, ‘ಅಣಿಯಾಗಿದ್ದವರು’ ಎಂದು ಕೆಲವರು ಓದುತ್ತಾರೆ. ಕನ್ನಡದಲ್ಲಿ ತಾಸ್ಸೋ, ಪ್ರೊಒರಿಜೋ ಎರಡಕ್ಕೂ ‘ನೇಮಿಸು’ ಬಂದಿದ್ದರಿಂದ ಒಂದೇ ಪದದಂತೆ ಕಾಣುತ್ತಿದೆ. ಟಿಪ್ಪಣಿಯಲ್ಲಿ ಇದಕ್ಕೆ ಬೇರೆ ಪುಟ ಕೊಡಿ.