ಟ್ರಾವೆಲ್ ಟ್ರೇಲರಿಗೆ ವಿಸ್ತೃತ ವಾರಂಟಿ ಕೊಳ್ಳಬೇಕೇ? ಬಳಸಿದವರು ಹೇಳಿದ್ದು

ಪ್ರಶ್ನೆ, ಡಲ್ಲಾಸ್‌ನಿಂದ

ನಮಸ್ಕಾರ. 25 ಅಡಿ ಉದ್ದದ, ಒಂದು ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಸರಿಸಿ ಒಳಗಿನ ಜಾಗ ಹೆಚ್ಚಿಸುವ ಭಾಗ) ಇರುವ ಹೊಸ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ, ಕೊಳ್ಳುತ್ತಿದ್ದೇವೆ. ಕಂಪನಿಯ ವಾರಂಟಿ ಒಂದು ವರ್ಷ. ಡೀಲರ್ ಏಳು ವರ್ಷದ ವಿಸ್ತೃತ ವಾರಂಟಿಗೆ 3,800 ಡಾಲರ್ ಹೇಳಿದ್ದಾರೆ. ಅದನ್ನೂ 12 ವರ್ಷದ ಸಾಲಕ್ಕೇ ಸೇರಿಸಿದರೆ ತಿಂಗಳಿಗೆ ನಲವತ್ತು ಚಿಲ್ಲರೆ ಡಾಲರ್ ಅಷ್ಟೇ ಎನ್ನುತ್ತಾರೆ. ಬಡ್ಡಿ ಶೇಕಡಾ 9. ಸಹಿ ಹಾಕುವುದು ಶನಿವಾರ. ನಲ್ಲಿ, ವಿದ್ಯುತ್ತಿನ ಕೆಲಸ ನನಗೆ ಬರುವುದಿಲ್ಲ. ಬೇಸಿಗೆಯಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ, ಯೆಲ್ಲೋಸ್ಟೋನ್‌ವರೆಗೆ ಕರೆದುಕೊಂಡು ಹೋಗುವ ಆಸೆ. ಕೊಂಡವರು, ಬೇಡವೆಂದವರು ಇಬ್ಬರೂ ದಯವಿಟ್ಟು ಹೇಳಿ.

ಫೀನಿಕ್ಸ್‌ನಿಂದ

ನಾವು ಕೊಂಡೆವು, ನಮಗೆ ಲಾಭವೇ ಆಯಿತು. ಕಂಪನಿಯ ವಾರಂಟಿ ಮುಗಿದ ಮೇಲೆ ಗ್ಯಾಸಿನಲ್ಲಿ ನಡೆಯುವ ಫ್ರಿಜ್‌ನ ಕೂಲಿಂಗ್ ಯೂನಿಟ್ ಕೆಟ್ಟಿತು, ಆಮೇಲೆ ಛಾವಣಿಯ ಎ.ಸಿ. ಎರಡೂ ಸಲ ಬಿಲ್ ಸಾವಿರ ಡಾಲರ್ ದಾಟಿತ್ತು, ನಮ್ಮ ಕೈಯಿಂದ ಹೋದದ್ದು ಡಿಡಕ್ಟಿಬಲ್, ಅಂದರೆ ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ನಿಗದಿತ ಪಾಲು, ಮಾತ್ರ. ನಮ್ಮ ಒಪ್ಪಂದದಲ್ಲಿ ಏನೇನು ಸೇರಿಲ್ಲ ಎಂಬ ಪಟ್ಟಿ ಇತ್ತು, ಅದರಲ್ಲಿ ಇಲ್ಲದ್ದೆಲ್ಲ ಸೇರಿದಂತೆಯೇ. ಏನೇನು ಸೇರಿದೆ ಎಂದು ಪಟ್ಟಿ ಮಾಡುವ ಇನ್ನೊಂದು ಬಗೆಯೂ ಇದೆ. ಅದು ಅಗ್ಗ, ಆದರೆ ಕೆಟ್ಟ ಭಾಗದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಕಾಸೂ ಸಿಗುವುದಿಲ್ಲ. ಡಿಡಕ್ಟಿಬಲ್ ಒಂದು ಸಲದ ಭೇಟಿಗೋ, ರಿಪೇರಿಯಾಗುವ ಒಂದೊಂದು ಭಾಗಕ್ಕೋ ಎಂಬುದನ್ನೂ ಕೇಳಿ.

ಇಂಡಿಯಾನಾದ ಸೌತ್ ಬೆಂಡ್‌ನಿಂದ

ಅಮೆರಿಕದ ಬಹುಪಾಲು ಟ್ರೇಲರುಗಳು ತಯಾರಾಗುವ ಎಲ್ಕ್‌ಹಾರ್ಟ್ ನಮ್ಮ ಪಕ್ಕದ ಊರು. ಈ ಉದ್ಯಮದಲ್ಲಿ ದುಡಿಯುವವರ ನಡುವೆಯೇ ನಮ್ಮ ಬದುಕು, ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಟ್ರೇಲರಿನಲ್ಲಿ ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ಮೋಟರ್‌ಹೋಮ್, ಅಂದರೆ ತಾನೇ ಓಡುವ ಮನೆಗಾಡಿ, ಕೊಳ್ಳುವವರಿಗಿರುವ ದೊಡ್ಡ ಭಯ ನಿಮಗೆ ಬೇಕಿಲ್ಲ. ಫ್ರಿಜ್, ಎ.ಸಿ., ಫರ್ನೇಸ್, ವಾಟರ್ ಹೀಟರ್, ನೀರಿನ ಪಂಪ್, ಸ್ಲೈಡಿನ ಮೋಟರ್, ಬ್ಯಾಟರಿಗೆ ವಿದ್ಯುತ್ ಕೊಡುವ ಕನ್ವರ್ಟರ್: ಕೆಡುವುದು ಇಷ್ಟೇ. ಇವನ್ನು ಟ್ರೇಲರ್ ಕಂಪನಿ ತಾನೇ ಮಾಡುವುದಿಲ್ಲ, ಹೊರಗಿನಿಂದ ತಂದು ಜೋಡಿಸುತ್ತದೆ. ಅವುಗಳ ತಯಾರಕರು ಪ್ರತ್ಯೇಕ ವಾರಂಟಿ ಕೊಡುತ್ತಾರೆ, ಕೆಲವು ಒಂದು ವರ್ಷವನ್ನೂ ಮೀರುತ್ತವೆ. ಟ್ರೇಲರಿನೊಳಗೆ ಒಂದು ಚೀಲದ ತುಂಬ ಕೈಪಿಡಿಗಳಿರುತ್ತವೆ, ಸಹಿಗೆ ಮುಂಚೆ ಅವನ್ನು ತೆಗೆಸಿ ನೋಡಿ. ಆಗಲೇ ಇರುವ ರಕ್ಷಣೆಗೆ ಮತ್ತೆ ಹಣ ತೆರುವುದು ಬೇಡ.

ಈ ಪಟ್ಟಿಯಲ್ಲಿ ಯಾವುದು ಕೆಟ್ಟರೂ ಟ್ರೇಲರ್ ಉಳಿಯುತ್ತದೆ. ಟ್ರೇಲರನ್ನು ನಿಜವಾಗಿ ಕೊಲ್ಲುವುದು ನೀರು. ಛಾವಣಿಯ ಅಂಚಿನಲ್ಲಿ, ಕಿಟಕಿಯ ಸುತ್ತ, ಏಣಿಯ ಸ್ಕ್ರೂ ಬುಡದಲ್ಲಿ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಬಿರುಕುಬಿಡುತ್ತದೆ. ಮಳೆ ನೀರು ಗೋಡೆಯೊಳಗೆ ಇಳಿದು ಮರದ ಚೌಕಟ್ಟು ಕೊಳೆಯುತ್ತದೆ, ಹೊರಗಿನ ಫೈಬರ್‌ಗ್ಲಾಸ್ ಉಬ್ಬುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ದುರಸ್ತಿಯ ವೆಚ್ಚ ಟ್ರೇಲರಿನ ಬೆಲೆಗೇ ಹತ್ತಿರವಾಗಿರಬಹುದು. ನಾನು ಓದಿದ ಒಪ್ಪಂದಗಳೆಲ್ಲ ಬಿಟ್ಟಿರುವುದು ಇದನ್ನೇ: ನೀರಿನ ಸೋರಿಕೆ, ಸೀಲಂಟ್, ಗೋಡೆ ಉಬ್ಬುವುದು, ಕೊಳೆತ ಮರ, ಚಳಿಗೆ ನೀರು ಹೆಪ್ಪುಗಟ್ಟಿ ಒಡೆದ ಪೈಪ್. ಟೈರು, ಬ್ಯಾಟರಿ, ಸಹಜ ಸವೆತವೂ ಹೊರಗೇ. ಟ್ರೇಲರಿನಲ್ಲೇ ಕಾಯಂ ವಾಸ ಮಾಡುವವರನ್ನು, ಅದನ್ನು ಬಾಡಿಗೆಗೆ ಕೊಡುವವರನ್ನು ಕೆಲವು ಒಪ್ಪಂದಗಳು ಸೇರಿಸಿಕೊಳ್ಳುವುದೇ ಇಲ್ಲ.

ಇನ್ನು ನಿಮ್ಮ ಲೆಕ್ಕ. 3,800 ಡಾಲರಿಗೆ ಶೇಕಡಾ 9ರ ಬಡ್ಡಿಯಲ್ಲಿ 12 ವರ್ಷ ಕಟ್ಟಿದರೆ ಒಟ್ಟು 6,200 ಡಾಲರ್ ದಾಟುತ್ತದೆ. ವಾರಂಟಿ ಏಳಕ್ಕೇ ಮುಗಿಯುತ್ತದೆ, ಅದರ ಕಂತು ಮತ್ತೂ ಐದು ವರ್ಷ ಉಳಿಯುತ್ತದೆ. ಆ ಏಳು ಯಾವಾಗಿನಿಂದ ಶುರು ಎಂದೂ ಕೇಳಿ. ಕೊಂಡ ದಿನದಿಂದ ಎಂದಾದರೆ ಮೊದಲ ವರ್ಷ ಹೇಗೂ ಕಂಪನಿಯದೇ, ನಿಮಗೆ ಹೊಸದಾಗಿ ಸಿಗುವುದು ಆರೇ. ಬೆಲೆ ಚೌಕಾಸಿಗೆ ಬಗ್ಗುತ್ತದೆ, ಏಕೆಂದರೆ ಅದರಲ್ಲಿ ಡೀಲರಿನ ಪಾಲೂ ಇರುತ್ತದೆ.

ನಾನಾದರೆ ಕೊಳ್ಳುವುದಿಲ್ಲ. ಅದೇ ನಲವತ್ತು ಚಿಲ್ಲರೆ ಡಾಲರನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿ, ಮೂರು ನಾಲ್ಕು ತಿಂಗಳಿಗೊಮ್ಮೆ ಛಾವಣಿ ಹತ್ತಿ ಸೀಲಂಟ್ ನೋಡುತ್ತೇನೆ. ಬಿರುಕು ಕಂಡರೆ ಒಂದು ಟ್ಯೂಬ್ ಸೀಲಂಟ್ ಸಾಕು, ಅದಕ್ಕೆ ಪ್ಲಂಬಿಂಗ್ ಗೊತ್ತಿರಬೇಕಿಲ್ಲ. ಡೀಲರಿನ ಅಂಗಳದಿಂದ ಹೊರಡುವ ಮುಂಚೆ ಸ್ವತಂತ್ರ ಪರೀಕ್ಷಕರೊಬ್ಬರಿಂದ ಟ್ರೇಲರನ್ನು ನೋಡಿಸಿ. ಹೊಸ ಟ್ರೇಲರಿನಲ್ಲೂ ಸಡಿಲ ಪೈಪು, ಸರಿಯಾಗಿ ಕೂರದ ಬಾಗಿಲು ಸಾಮಾನ್ಯ. ಮೊದಲ ವರ್ಷ ಚೆನ್ನಾಗಿ ಬಳಸಿ, ತಪ್ಪು ಕಂಡದ್ದನ್ನೆಲ್ಲ ಕಂಪನಿಯಿಂದಲೇ ಸರಿಮಾಡಿಸಿಕೊಳ್ಳಿ.

ಸ್ಯಾಕ್ರಮೆಂಟೊದಿಂದ

ಕೊಳ್ಳುವುದಾದರೆ ಕಾಗದಪತ್ರ ಜೋಪಾನ. ನಮ್ಮ ವಾಟರ್ ಹೀಟರಿನ ತೊಟ್ಟಿ ತುಕ್ಕು ಹಿಡಿದು ತೂತಾದಾಗ, ಒಳಗಿನ ಆನೋಡ್ ಕಡ್ಡಿ (ತೊಟ್ಟಿಯ ಬದಲು ತಾನು ತುಕ್ಕು ಹಿಡಿದು ಅದನ್ನು ಕಾಯುವ ಲೋಹದ ಕಡ್ಡಿ) ಬದಲಿಸಿದ್ದಕ್ಕೆ ರಸೀದಿ ಎಲ್ಲಿ ಎಂದು ವಾರಂಟಿ ಕಂಪನಿಯವರು ಕೇಳಿದರು. ನನ್ನವರು ಅದನ್ನು ಮನೆಯಲ್ಲೇ ಬದಲಿಸುತ್ತಿದ್ದರು, ಕಡ್ಡಿ ಕೊಂಡ ರಸೀದಿಗಳೂ ಇದ್ದವು. ಆದರೂ ಒಪ್ಪಿಸಲು ವಾರಗಟ್ಟಲೆ ಫೋನಿನಲ್ಲಿ ಹೋರಾಡಬೇಕಾಯಿತು, ನನಗೆ ಇಂದಿಗೂ ಸಿಟ್ಟಿದೆ. ಆಕ್ಸಲಿನ ಬೇರಿಂಗಿಗೂ ಇದೇ ಮಾತು: 12 ತಿಂಗಳು ಅಥವಾ 12,000 ಮೈಲಿಗೊಮ್ಮೆ ಗ್ರೀಸ್ ಎಂದು ಆಕ್ಸಲ್ ತಯಾರಕರು ಹೇಳಿರುತ್ತಾರೆ. ಮಾಡಿಸಿದ್ದಕ್ಕೆ ಪುರಾವೆ ಇಲ್ಲದಿದ್ದರೆ ಅರ್ಜಿ ತಳ್ಳಿಹಾಕಲು ಅವರಿಗೆ ಅದೇ ನೆಪ.

ಇನ್ನೊಂದು. ವಿಸ್ತೃತ ವಾರಂಟಿ ಕೊಟ್ಟ ಕಂಪನಿಯ ಅನುಮತಿ ಬರುವ ಮೊದಲು ರಿಪೇರಿ ಶುರು ಮಾಡಿದರೆ ಹಣ ಬರುವುದಿಲ್ಲ. ಬಿಚ್ಚಿ ನೋಡುವ ಕೂಲಿ, ಅರ್ಜಿ ಒಪ್ಪಿಗೆಯಾಗದಿದ್ದರೆ, ನಿಮ್ಮ ತಲೆಗೇ ಬರುತ್ತದೆ. ಯೆಲ್ಲೋಸ್ಟೋನ್ ದಾರಿಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಅನುಮತಿಗೆ ಕಾಯುವುದು ಕಷ್ಟ. ಕ್ಯಾಂಪಿಗೇ ಬಂದು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಹಣ ಕೊಡುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಆಸ್ಟಿನ್‌ನಿಂದ

ಟೆಕ್ಸಾಸ್‌ನವರಾದ್ದರಿಂದ ನಿಮಗೆ ಕೆಲವು ಅನುಕೂಲಗಳಿವೆ. ಇಲ್ಲಿ ಸರ್ವಿಸ್ ಕಾಂಟ್ರಾಕ್ಟ್ (ವಿಸ್ತೃತ ವಾರಂಟಿಗೆ ಕಾನೂನಿನ ಹೆಸರು ಇದು) ಕೊಡುವ ಕಂಪನಿ ರಾಜ್ಯದ ಲೈಸೆನ್ಸಿಂಗ್ ಇಲಾಖೆಯಲ್ಲಿ, ಅಂದರೆ ಟಿ.ಡಿ.ಎಲ್.ಆರ್.ನಲ್ಲಿ, ನೋಂದಣಿಯಾಗಿರಬೇಕು. ಒಪ್ಪಂದದ ಕೊನೆಯಲ್ಲಿ ಹೊಣೆಗಾರ ಕಂಪನಿ ಎಂದು ಯಾರ ಹೆಸರಿದೆಯೋ ಅದನ್ನು ಅಲ್ಲಿ ಹುಡುಕಿ. ಮಾರುವವರ ಗಾತ್ರ ನೋಡಿ ನಂಬಬೇಡಿ. ಕಾರುಗಳಿಗೆ ಇಂಥ ಒಪ್ಪಂದಗಳನ್ನು ದೇಶವಿಡೀ ಮಾರಿದ ಯು.ಎಸ್. ಫಿಡೆಲಿಸ್ 2010ರಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ರಾಜ್ಯದಲ್ಲಿ ಇಂಥ ಒಪ್ಪಂದವನ್ನು ಕೊಂಡ 30 ದಿನದೊಳಗೆ ರದ್ದುಮಾಡಿದರೆ, ಅಷ್ಟರಲ್ಲಿ ರಿಪೇರಿಗೆ ಏನೂ ಪಡೆದಿಲ್ಲವಾದರೆ, ಪೂರ್ತಿ ಹಣ ವಾಪಸ್. ಜೊತೆಗೆ ನಮ್ಮ ರಾಜ್ಯದ ಲೆಮನ್ ಕಾನೂನು, ಅಂದರೆ ಪದೇ ಪದೇ ರಿಪೇರಿ ಮಾಡಿದರೂ ಸರಿಹೋಗದ ಹೊಸ ವಾಹನ ಕೊಂಡವರಿಗೆ ಪರಿಹಾರ ಕೊಡಿಸುವ ಕಾನೂನು, ಎಳೆದೊಯ್ಯುವ ಟ್ರೇಲರುಗಳಿಗೂ ಅನ್ವಯಿಸುತ್ತದೆ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಪ್ಪಂದದ ಪ್ರತಿ ಕೇಳಿದೆ. ಸಹಿಯ ದಿನವೇ ಕೊಡುತ್ತೇವೆ, ಆ ದಿನ ಬಿಟ್ಟರೆ ಈ ಬೆಲೆ ಇರುವುದಿಲ್ಲ ಎಂದರು. ಏನು ಮಾಡಲಿ?

ಸೌತ್ ಬೆಂಡ್‌ನಿಂದ

ಶನಿವಾರ ಟ್ರೇಲರಿನ ಕಾಗದಕ್ಕೆ ಮಾತ್ರ ಸಹಿ ಹಾಕಿ. ಕಂಪನಿಯ ವಾರಂಟಿ ನಡೆಯುತ್ತಿರುವಾಗ ಇಂಥ ಒಪ್ಪಂದವನ್ನು ಬೇರೆ ಕಡೆಯೂ ಕೊಳ್ಳಬಹುದು. ನಿಮಗೆ ಇನ್ನೂ ಹಲವು ತಿಂಗಳಿವೆ, ಮೂರು ಕಡೆಯಿಂದ ಪೂರ್ತಿ ಒಪ್ಪಂದ ತರಿಸಿ ಹೊರಗಿಟ್ಟವುಗಳ ಪುಟವನ್ನು ಮೊದಲು ಓದಿ. ಸಾಲದ ಕಾಗದದಲ್ಲಿ ಆ 3,800 ಎಲ್ಲೂ ಸೇರಿಕೊಂಡಿಲ್ಲ ಎಂದು ಸಹಿಗೆ ಮುಂಚೆ ಸಾಲು ಸಾಲಾಗಿ ನೋಡಿಕೊಳ್ಳಿ.