ಜೀಪಿನ ಹುಡ್ ಮೇಲಿನ ಕಲೆ ಏನ್ ಮಾಡಿದ್ರೂ ಹೋಗ್ತಿಲ್ಲ, ಯಾರಾದ್ರೂ ದಾರಿ ಹೇಳಿ

ಘಾಟಿ_ಜೀಪು, ಹೊಸನಗರ
ಎಲ್ರಿಗೂ ನಮಸ್ಕಾರ. ಜೀಪಿನ ಮೇಲ್ಹೊದಿಕೆ ಇದ್ಯಲ್ಲ, ಆ ಹುಡ್ ಮೇಲೆ ಕಲೆ ಆಗಿದೆ, ಸರ್ಫ್ ಹಾಕಿ ತಿಕ್ಕಿದೆ, ಕಾರ್ ಶಾಂಪೂ ಹಾಕಿದೆ, ಅಡುಗೆ ಸೋಡಾ ಆಯ್ತು, ಅಮ್ಮ ಹೇಳಿದ್ರು ಅಂತ ಅಂಟುವಾಳದ ನೊರೆನೂ ಆಯ್ತು, ಕೈ ಚರ್ಮ ಸುಲಿದು ಬಂತೇ ಹೊರತು ಕಲೆ ಹೋಗ್ಲಿಲ್ಲ. ತಮಾಷೆ ಅಂದ್ರೆ ಒದ್ದೆ ಇರುವಾಗ ಪೂರ್ತಿ ಹೋದ ಹಾಗೆ ಕಾಣ್ತದೆ, ಬಿಸಿಲಿಗೆ ಒಣಗಿದ ಕೂಡ್ಲೇ ಮತ್ತೆ ಎದ್ದು ನಿಲ್ತದೆ ಮಾರಾಯ್ರೆ. ಮನೇಲಿ ಕಾರ್ಯ ಇದೆ, ನೆಂಟರೆಲ್ಲ ಬರ್ತಾರೆ, ಬೇಗ ಹೇಳಿ.

ಮಂಡಗದ್ದೆ_ಫೋರ್‌ವೀಲ್
ಬೂಸ್ಟು. ನೂರಕ್ಕೆ ನೂರು ಬೂಸ್ಟು. ನಮ್ಮ ಕಡೆ ಮಳೇಲಿ ಚಪ್ಪಲಿಗೇ ಬೂಸ್ಟು ಬರ್ತದೆ, ಹುಡ್ ಬಿಡ್ತದಾ? ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ ಒಂದು ಗಂಟೆ ಬಿಡಿ, ಮುಗೀತು.

ವಿನೋಬನಗರ_ಡೀಟೇಲರ್
ದಯವಿಟ್ಟು ಬ್ಲೀಚ್ ಬೇಡ. ಬಟ್ಟೆ ತಡೆದ್ರೂ ಹೊಲಿಗೆ ದಾರ ಸೋಲ್ತದೆ, ಆಮೇಲೆ ಘಾಟಿ ಇಳೀವಾಗ ಗಾಳಿಗೆ ಹೊಲಿಗೆ ಬಿಟ್ಟು ಹುಡ್ ಬಾವುಟ ಆಗ್ತದೆ. ಪ್ರೆಶರ್ ವಾಷರ್ ಕೂಡ ಹತ್ರ ಹಿಡೀಬೇಡಿ. ಮೊದ್ಲು ಹೇಳಿ, ಬಟ್ಟೆನಾ ರೆಗ್ಸಿನ್ನಾ? ಕಲೆ ಯಾವ ಬಣ್ಣ? ಫೋಟೋ ಹಾಕಿ.

ಘಾಟಿ_ಜೀಪು
ಹುಡ್ ಅಂದ್ರೆ ಹುಡ್ಡೇ ಸರ್, ಎಲ್ಲಾ ಜೀಪಿಗೂ ಇರೋದು. ಫೋಟೋ ಅಪ್ಲೋಡ್ ಆಗ್ತಿಲ್ಲ, ಇಲ್ಲಿ ನೆಟ್‌ವರ್ಕ್ ಬೇಕು ಅಂದ್ರೆ ಗುಡ್ಡ ಹತ್ಬೇಕು.

ಕಪ್ಪು_ಥಾರ್
ನಾನು ಸಾಫ್ಟ್ ಟಾಪ್ ಥಾರ್‌ಗೆ ಸಾಫ್ಟ್ ಬ್ರಷ್, ಮೈಲ್ಡ್ ಶಾಂಪೂ, ಆಮೇಲೆ ಫ್ಯಾಬ್ರಿಕ್ ಪ್ರೊಟೆಕ್ಟರ್ ಸ್ಪ್ರೇ ಅಷ್ಟೇ. ನೀರು ಮುತ್ತಿನ ತರ ಉರುಳಿ ಹೋಗ್ತದೆ. ಬೈ ದ ವೇ 33 ಇಂಚಿನ ಟೈರ್ ಹಾಕ್ಸಿದೀನಿ, ಫೋಟೋ ಕೆಳಗಿದೆ.

ಘಾಟಿ_ಜೀಪು
ಥಾರ್ ಅಲ್ಲ ಅಣ್ಣ, ಮಹೀಂದ್ರದ ಹಳೇ ಜೀಪು, ಎಂಎಂ 540. ಖಾಕಿ ಕ್ಯಾನ್ವಾಸ್, ಪೇಟೇಲಿ ಹೊಲಿಸಿದ್ದು.

ಬೆಂಗ್ಳೂರು_ಕನ್ವರ್ಟಿಬಲ್
ನಂದು ಮಿನಿ ಕೂಪರ್. ಇವುಗಳ ಸಾಫ್ಟ್ ಟಾಪ್ ಮೂರು ಪದರ ಇರ್ತದೆ, ಮೇಲೆ ಅಕ್ರಿಲಿಕ್, ನಡುವೆ ರಬ್ಬರ್, ಒಳಗೆ ಪಾಲಿಯೆಸ್ಟರ್. ನೂಲಿನಲ್ಲೇ ಬಣ್ಣ ಸೇರಿರೋ ಅಕ್ರಿಲಿಕ್ಕಿಗೆ ತೆಳು ಬ್ಲೀಚ್ ತಡೆಯೋ ಶಕ್ತಿ ಇದೆ, ಹತ್ತಿ ಕ್ಯಾನ್ವಾಸಿಗೆ ಇಲ್ಲ. ಎರಡನ್ನೂ ಒಂದೇ ತರ ತೊಳೆಯೋಕಾಗಲ್ಲ.

ಮಂಡಗದ್ದೆ_ಫೋರ್‌ವೀಲ್
ಮಿನಿ ಕೂಪರ್ ತಗೊಂಡು ಕೊಡಚಾದ್ರಿ ಹತ್ತಿ ಸ್ವಾಮಿ, ಆಮೇಲೆ ಪದರ ಎಣಿಸೋಣ. ನಾನು ಹೇಳಿದ್ದೇ ಸರಿ, ಅದು ಬೂಸ್ಟು. ಒಳಗೆ ಬೇರು ಬಿಟ್ಟಿರ್ತದೆ, ಅದ್ಕೇ ಒಣಗಿದ್ಮೇಲೆ ಮತ್ತೆ ಕಾಣೋದು.

ತೋಟದ_ಮನೆ, ತೀರ್ಥಹಳ್ಳಿ
ಬೂಸ್ಟು ಒಣಗಿದ ತಕ್ಷಣ ಎದ್ದು ಬರೋದಿಲ್ಲ. ಒದ್ದೆ ಆದ್ರೆ ಮಾಯ, ಒಣಗಿದ್ರೆ ಹಾಜರು, ಇದು ಸುಣ್ಣದ ಬುದ್ಧಿ. ತಮ್ಮಾ, ಕಲೆಗೆ ನೀಲಿ ಛಾಯೆ ಉಂಟಾ? ಹುಡ್ ಮಡಚಿದ ಗೆರೆಗಳಲ್ಲಿ ಜಾಸ್ತಿ ಉಂಟಾ?

ಘಾಟಿ_ಜೀಪು
ಹೌದು ಹೌದು, ತಿಳಿ ನೀಲಿ! ಮಡಿಕೆ ಮಡಿಕೆಲೇ ಇದೆ, ಡ್ರಮ್ ತಾಗ್ತಿದ್ದ ಕಡೆ ದಪ್ಪ. ನಿಮಗೆ ಹೆಂಗೆ ಗೊತ್ತಾಯ್ತು? ಹುಡ್ ಹಿಡ್ಕೊಳೋ ಕಬ್ಬಿಣದ ಬಿಲ್ಲು ಇದ್ಯಲ್ಲ, ಅದೂ ಅಲ್ಲಲ್ಲಿ ಕೆಂಪಾಗಿದೆ, ತುಕ್ಕು ಅಂತ ಬಿಟ್ಟಿದ್ದೆ.

ವಿನೋಬನಗರ_ಡೀಟೇಲರ್
ಯಾವ ಡ್ರಮ್???

ಘಾಟಿ_ಜೀಪು
ಔಷಧಿ ಡ್ರಮ್ ಸರ್. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡ್ಯೋವಾಗ ಹುಡ್ ಹಿಂದಕ್ಕೆ ಮಡಚಿ ಡ್ರಮ್ಮು, ಪಂಪು ಎಲ್ಲಾ ಜೀಪಲ್ಲೇ ತೋಟಕ್ಕೆ ತಗೊಂಡ್ ಹೋಗೋದು, ರಸ್ತೆ ಆ ತರ ಇರೋದ್ರಿಂದ ತುಳುಕ್ತದೆ. ಅಡಿಕೆ ಇರೋರ ಮನೇಲೆಲ್ಲ ಇದೇ ಕತೆ ಅಲ್ವಾ, ಅದೇನ್ ಹೇಳೋದು ಅಂತ ಬರೀಲಿಲ್ಲ.

ತೋಟದ_ಮನೆ
ಬೋರ್ಡೋ ದ್ರಾವಣ! ಅದನ್ನ ಮೊದ್ಲೇ ಹೇಳೋದಲ್ವಾ ಮಾರಾಯ. ಮೈಲುತುತ್ತು ಅಂದ್ರೆ ತಾಮ್ರದ ನೀಲಿ ಉಪ್ಪು, ಅದು, ಸುಣ್ಣ ಎರಡೂ ಸೇರಿ ಎಲೆಗೆ ಅಂಟ್ಲಿ ಅಂತಲೇ ಮಾಡೋ ಔಷಧಿ, ಮಳೆಗೇ ತೊಳೆದು ಹೋಗದ್ದು ಸರ್ಫಿಗೆ ಹೋಗ್ತದಾ. ಸೋಪು, ಸೋಡಾ ಎಲ್ಲಾ ಕ್ಷಾರ, ಸುಣ್ಣಕ್ಕೆ ಅದು ಲೆಕ್ಕಕ್ಕಿಲ್ಲ. ಹುಳಿ ಬೇಕು. ಬಿಳಿ ವಿನೆಗರ್‌ಗೆ ಎರಡರಷ್ಟು ನೀರು ಸೇರ್ಸು, ಇಲ್ಲಾಂದ್ರೆ ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಲೀಟರ್ ನೀರಿಗೆ ಎರಡು ಚಮಚ. ವಾಟೆಹುಳಿ ಹಾಕ್ಬೇಡ, ಅದ್ರ ಕಲೆ ಬೇರೆ ಆಗ್ತದೆ.
ಹುಡ್ ಬಿಚ್ಚಿ ನೆಲದ ಮೇಲೆ ಹಾಸಿ, ಮೂಲೇಲಿ ಸ್ವಲ್ಪ ಜಾಗಕ್ಕೆ ಹಚ್ಚಿ ಬಣ್ಣ ಬಿಡ್ತದಾ ನೋಡು. ಸಣ್ಣಗೆ ನೊರೆ ಎದ್ರೆ ಸುಣ್ಣ ಕರಗ್ತಿದೆ ಅಂತ. ಹತ್ತು ನಿಮಿಷ ಬಿಟ್ಟು ಮೆತ್ತನೆ ಬ್ರಷ್ಷಲ್ಲಿ ತಿಕ್ಕಿ, ನೀರಲ್ಲಿ ಚೆನ್ನಾಗಿ ಜಾಲಿಸಿ, ಕೊನೆಗೆ ಸೋಪು ನೀರು, ಮತ್ತೆ ಬರೀ ನೀರು. ಹುಳಿ ಮೇಲೆಯೇ ಒಣಗೋಕೆ ಬಿಟ್ರೆ ಹತ್ತಿ ಬಟ್ಟೆ ಮುರುಕ್ಲು ಆಗ್ತದೆ. ಆ ನೀರು ಕೆರೆ, ಹಳ್ಳಕ್ಕೆ ಹೋಗದ ಹಾಗೆ ನೋಡ್ಕೋ, ತಾಮ್ರ ಮೀನಿಗೆ ವಿಷ. ಬಿಲ್ಲಿಗೆ ಹತ್ತಿದ ಕೆಂಪೂ ತಾಮ್ರವೇ ಇರ್ಬೇಕು.

ವಿನೋಬನಗರ_ಡೀಟೇಲರ್
ಒಂದು ಎಚ್ಚರಿಕೆ, ಮೇಲೆ ಹೇಳಿರೋ ಬ್ಲೀಚ್ ಯಾರಾದ್ರೂ ಈಗಾಗ್ಲೇ ಹಾಕಿದ್ರೆ ಪೂರ್ತಿ ತೊಳೀದೆ ವಿನೆಗರ್ ಮುಟ್ಟಬೇಡಿ. ಎರಡೂ ಸೇರಿದ್ರೆ ಕ್ಲೋರಿನ್ ಅನಿಲ ಬರ್ತದೆ, ಮುಚ್ಚಿದ ಶೆಡ್ಡಲ್ಲಿ ಉಸಿರು ಕಟ್ತದೆ.

ಮಂಡಗದ್ದೆ_ಫೋರ್‌ವೀಲ್
ಇರ್ಲಿ, ಬೋರ್ಡೋ ಕೆಳಗೆ ಬೂಸ್ಟು ಇರ್ಬಹುದಲ್ಲ?

ತೋಟದ_ಮನೆ
ಬೂಸ್ಟು ಬರಬಾರದು ಅಂತ ಹೊಡ್ಯೋ ಔಷಧೀನೇ ಅಲ್ಲಿ ಮೆತ್ತಿಕೊಂಡು ಕೂತಿದೆ, ಅದ್ರ ಕೆಳಗೆ ಬೂಸ್ಟು ಹುಡುಕ್ತೀರಲ್ಲ.

ಅಡಿಕೆ_ಸಾಗರ
ಬಿಲ್ಲು ಕೆಂಪಾಗಿದೆ ಅಂದ್ರೆ ಹುಡ್ ಇರ್ಲಿ, ನಿಮ್ಮ ಔಷಧೀನೇ ಸರಿ ಇಲ್ಲ. ನಮ್ಮಲ್ಲಿ ಕಲಸಿದ ಮೇಲೆ ಕತ್ತಿ ಅದ್ದಿ ನೋಡ್ತಾರೆ, ಅಲಗಿಗೆ ಕೆಂಪು ಹತ್ತಿದ್ರೆ ಸುಣ್ಣ ಕಮ್ಮಿ, ಇನ್ನೂ ಸುಣ್ಣದ ತಿಳಿ ಹಾಕ್ಬೇಕು. ನೀವು ಕತ್ತಿ ಬದ್ಲು ಜೀಪ್ ಅದ್ದಿದ್ದೀರಿ.

ಘಾಟಿ_ಜೀಪು
ನಾವು 100 ಲೀಟರ್‌ಗೆ 1 ಕೆ.ಜಿ. ತುತ್ತು 1 ಕೆ.ಜಿ. ಸುಣ್ಣ ಸರಿಯಾಗೇ ಹಾಕೋದು.

ಅಡಿಕೆ_ಸಾಗರ
ಸುಣ್ಣ ಹಳೇದಾದ್ರೆ ಆ ಲೆಕ್ಕಕ್ಕೆ ಅರ್ಥ ಇಲ್ಲ. ಚಿಪ್ಪುಸುಣ್ಣನಾ ಪುಡಿ ಸುಣ್ಣನಾ?

ಕಪ್ಪು_ಥಾರ್
ಇದು ಗಾಡಿ ಗ್ರೂಪಾ ಅಡಿಕೆ ಮಂಡಿನಾ?

ಅಡಿಕೆ_ಸಾಗರ
ನಿಮ್ಮ 33 ಇಂಚಿನ ಟೈರಿಗೆ ದುಡ್ಡು ಎಲ್ಲಿಂದ ಬಂತು ಅಂತ ನಿಮ್ಮ ಅಪ್ಪಯ್ಯನ್ನ ಕೇಳಿ.

ಘಾಟಿ_ಜೀಪು
ನಿಂಬೆ ಉಪ್ಪು ಹಾಕಿದೆ. ತೋಟದ ಮನೆ ಅಣ್ಣ, ನೀಲಿ ಹೋಯ್ತು!! ಬುಸ್ ಅಂತ ನೊರೆ ಬಂತು, ಜಾಲಿಸಿದ ನೀರು ನೀಲಿಯಾಗಿ ಹರೀತು, ಬಾಳೆ ಬುಡಕ್ಕೂ ಬಿಡದೆ ಗುಂಡಿ ತೋಡಿ ಹಾಕಿದೀನಿ. ಒಣಗಿದ ಮೇಲೂ ಬರ್ಲಿಲ್ಲ. ಆದ್ರೆ ಬೋಲ್ಟ್ ಹತ್ರ ಒಂದಿಷ್ಟು ಕಪ್ಪು ಚುಕ್ಕೆ ಇದೆ, ಅದು ಅಲ್ಲಾಡ್ತಿಲ್ಲ.

ಮಂಡಗದ್ದೆ_ಫೋರ್‌ವೀಲ್
ಬೂಸ್ಟು.

ತೋಟದ_ಮನೆ
ಅಡಿಕೆ ಬೇಯಿಸಿ ಉಳಿದ ನೀರು, ಅದೇ ಚೊಗರು, ಅದ್ರ ಕ್ಯಾನ್ ಏನಾದ್ರೂ ಸಾಗ್ಸಿದ್ಯಾ ಅದ್ರಲ್ಲಿ? ಚೊಗರು ಕಬ್ಬಿಣಕ್ಕೆ ತಾಗಿದ್ರೆ ಶಾಯಿ ತರ ಕಪ್ಪಾಗ್ತದೆ. ಹೌದಾದ್ರೆ ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು, ಕೈಗವಸು ಹಾಕ್ಕೊಂಡೇ ಮುಟ್ಟು, ಮಕ್ಕಳ ಕೈಗೆ ಸಿಗಬಾರದು. ಮೊದ್ಲು ಇದಕ್ಕೆ ಉತ್ತರ ಹೇಳು, ಸುಮ್ನೆ ಹಾಕ್ಬೇಡ.

ಕಪ್ಪು_ಥಾರ್
ಯಾರಿಗಾದ್ರೂ ಶಿವಮೊಗ್ಗದಲ್ಲಿ ಸಿಕ್ಕಿಬಿದ್ದ ಗಾಡಿ ಎಳೆಯೋ ವಿಂಚ್ ಕೂರಿಸೋರು ಗೊತ್ತಾ? ಆಗುಂಬೆ ಮಳೆ ಶುರು ಆಗೋದ್ರೊಳಗೆ ಬೇಕು.

ಬೆಂಗ್ಳೂರು_ಕನ್ವರ್ಟಿಬಲ್
ವಿಂಚ್ ಹಾಕ್ಸಿ ಬರೀ ಕಾಫಿ ಕುಡಿಯೋಕೆ ಹೋಗೋರನ್ನ ನೋಡಿದೀನಿ.

ಕಪ್ಪು_ಥಾರ್
ಬನ್ನಿ ಸರ್ ಒಂದ್ಸಲ, ನಿಮ್ಮ ಮಿನಿ ಕೂಪರ್ ಎಳ್ಕೊಂಡ್ ಬರೋಕೇ ಹಾಕ್ಸ್ತಿರೋದು.